ಮಣ್ಣು ಕೊಡುವುದು

ತ್ಕಿಬುಲಿಯ ಗಣಿ ಸಬ್‌ಸ್ಟೇಷನ್ನಿನಲ್ಲಿ
ಏಳನೆಯ ಪ್ಯಾನೆಲ್ಲಿನ ಬ್ರೇಕರನ್ನು
ಗಾಲಿಗಳ ಮೇಲೆ ಹೊರಗೆಳೆದು,
ಬೀಗ ಜಡಿದು, ಕೀಲಿಯನ್ನು ಕೊರಳಿಗೆ ಹಾಕಿಕೊಂಡು
ನಾನೆಂದೆ: ಸತ್ತಿದೆ.

ನತೇಲಾ ನಗಲಿಲ್ಲ.
ಯಾರು ನೋಡಿದರು? ಎಂದಳು.

ಅರವತ್ತೆರಡರ ಹೆಂಗಸು. ರಬ್ಬರ್ ಕೈಗವಸನ್ನು
ಮಣಿಕಟ್ಟಿನಿಂದ ಸುರುಳಿ ಸುತ್ತುತ್ತಾ ಬಂದು
ಬೆರಳುಗಳಲ್ಲಿ ಉಬ್ಬಿದ ಗಾಳಿಗೆ ಕಿವಿಗೊಡುತ್ತಾಳೆ,
ಎಲ್ಲಾದರೂ ಸಣ್ಣಗೆ ಸಿಳ್ಳೆ ಹಾಕೀತೇ ಎಂದು.

ಟೆಸ್ಟರಿನ ಕೋಲು ಮೊದಲು ಪಕ್ಕದ ಪ್ಯಾನೆಲ್ಲಿಗೆ,
ಜೀವ ಇರುವಲ್ಲಿಗೆ. ಕೆಂಪು ಮಿನುಗಿತು.
ಆಮೇಲೆ ನಮ್ಮ ಕೇಬಲ್ಲಿಗೆ. ಒಂದು, ಎರಡು, ಮೂರು.
ಏನೂ ಇಲ್ಲ.
ಮತ್ತೆ ಜೀವ ಇರುವಲ್ಲಿಗೆ. ಮಿನುಗಿತು.
ಹೌದು ಅನ್ನಲು ಬಲ್ಲವನೆಂದು ಗೊತ್ತಾದ ಮೇಲೆ ತಾನೇ
ಅವನ ಇಲ್ಲವನ್ನು ನಂಬುವುದು?
ಆದರೂ ಸತ್ತಿಲ್ಲ, ಮಗಾ.
ಮಣ್ಣು ಕೊಡುವ ತನಕ ಯಾವುದೂ ಸತ್ತಿಲ್ಲ.

ಮೊದಲ ಕ್ಲಾಂಪು ನೆಲದ ಪಟ್ಟಿಗೆ.
ಬಣ್ಣ ಕೆರೆದು, ತಾಮ್ರ ಹೊಳೆಯುವ ತನಕ ಉಜ್ಜಿಸಿದಳು.
ಬಿಗಿ. ಇನ್ನೂ ಬಿಗಿ.
ಆಮೇಲೆ ಉದ್ದ ಕೋಲಿನ ತುದಿಯಿಂದ ಫೇಸುಗಳಿಗೆ.
ಒಂದು ತಾಗಿದ್ದೇ ಚಟ್ ಎಂದಿತು,
ಕಡಲೆಕಾಳಿನಷ್ಟು ನೀಲಿ ಕಿಡಿ:
ಕಿಲೋಮೀಟರುದ್ದದ ಕೇಬಲ್ಲು
ಯಾರಿಗೂ ಹೇಳದೆ ಬಾಯಲ್ಲಿಟ್ಟುಕೊಂಡಿದ್ದ ತುತ್ತು.

ಜೇಬಿನಿಂದ ಒಂದು ಅಕ್ರೋಟು ತೆಗೆದು
ಲಾಗ್‌ಬುಕ್ಕಿನ ಪಕ್ಕ ಇಟ್ಟಳು.
ಗಣಿಯ ಬಾಯಿಗೆ ನಡೆದುಹೋಗಿ
ಆ ತುದಿಗೂ ಕಟ್ಟಿ ಬಂದದ್ದಕ್ಕೆ ಇನ್ನೊಂದು.
ಪುಸ್ತಕದಲ್ಲಿ ಬರೆದಿದೆಯಲ್ಲ? ಎಂದೆ.
ಪುಸ್ತಕವನ್ನು ಮುಚ್ಚಿಬಿಡುತ್ತಾರೆ, ಎಂದಳು.

ಓತಿಯಾನ ವಿಷಯ ಮಧ್ಯಾಹ್ನ ಬಂತು,
ಜೋಳದ ರೊಟ್ಟಿ ಮುರಿಯುತ್ತಾ, ನನ್ನತ್ತ ನೋಡದೆ.
ತೊಂಬತ್ತನಾಲ್ಕರ ಚಳಿಗಾಲ. ಊರಿಗೆ ಊರೇ ಕತ್ತಲು.
ಬಾರದ ಕರೆಂಟಿಗೆ ಯಾರು ಬೀಗ ಹಾಕುತ್ತಾರೆ?
ಅವನು ಕಂಬ ಹತ್ತಿದ್ದ.
ಕೆಳಗೆ ಒಂದು ಮನೆಯಲ್ಲಿ
ಜ್ವರ ಬಂದ ಮಗುವಿನ ಮುಖ ನೋಡಲು
ಒಂದು ಬಲ್ಬು ಬೇಕಾಯಿತು.
ಯಾರೋ ಜನರೇಟರಿನ ಹಗ್ಗ ಎಳೆದರು.
ಆ ಬೆಳಕು ಟ್ರಾನ್ಸ್‌ಫಾರ್ಮರನ್ನು ಹಿಂದಿನಿಂದ ಹೊಕ್ಕು
ಇನ್ನೂರು ಸಾವಿರಗಳಾಗಿ ಬೆಳೆದು
ಬೆಟ್ಟ ಏರಿತು.

ಮಗು ಬದುಕಿತು, ಎಂದಳು.
ಈಗ ಔಷಧಿ ಅಂಗಡಿಯಲ್ಲಿ ಕೂರುತ್ತಾಳೆ.
ಅವಳಿಗೆ ಗೊತ್ತಿಲ್ಲ. ಗೊತ್ತಾಗಬೇಕಾಗಿಯೂ ಇಲ್ಲ.
ಓತಿಯಾನ ಪೆಟ್ಟಿಗೆಯ ಮೇಲೆ ತಾನೂ ಒಂದು ಹಿಡಿ ಹಾಕಿದಳಂತೆ.
ತಡವಾಗಿ ಕೊಟ್ಟ ಮಣ್ಣು.

ಸಂಜೆ ಫೋನು ಹೊಡೆದುಕೊಳ್ಳತೊಡಗಿತು:
ಪಂಪು ನಿಂತಿದೆ, ಕೆಳಗೆ ನೀರು ಏರುತ್ತಿದೆ, ಬೇಗ, ಬೇಗ.
ಎಲ್ಲ ಬಿಚ್ಚಿದೆ ಎಂದೆ.
ಬ್ರೇಕರನ್ನು ಒಳಗೆ ತಳ್ಳಿ ಹಿಡಿಕೆಗೆ ಕೈ ಹಾಕಿದೆ.
ಅವಳು ಮಾತಾಡಲಿಲ್ಲ. ಮೇಜಿನ ಕಡೆ ನೋಡಿದಳು.

ಒಂದು ಅಕ್ರೋಟು ಉಳಿದಿತ್ತು.

ಆ ತುದಿಯದನ್ನು ಝೌರಿ ಬಿಚ್ಚಿದನೆಂದು ನಾನು,
ನಾನು ಬಿಚ್ಚಿದೆನೆಂದು ಝೌರಿ.
ಟಾರ್ಚು ಹಿಡಿದು ಕೆಸರಲ್ಲಿ ಓಡಿದೆವು.
ಮೂರು ಕ್ಲಾಂಪೂ ಹಾಗೇ ಹಲ್ಲು ಕಚ್ಚಿಕೊಂಡಿದ್ದವು,
ಹೇಳಿದ ಮಾತು ಮೀರದ ಆಳುಗಳಂತೆ.
ಹಿಡಿಕೆ ತಿರುಗಿಸಿದ್ದರೆ
ಇಡೀ ಸ್ಟೇಷನ್ನಿನ ಸಿಟ್ಟು ಇವುಗಳ ಕೊರಳಿಗೆ,
ಆಮೇಲೆ ನನ್ನ ಮುಖಕ್ಕೆ.

ಬಿಚ್ಚುವಾಗ ತಲೆಕೆಳಗು: ಫೇಸುಗಳು ಮೊದಲು,
ನೆಲದ ಕೈ ಕೊನೆಗೆ ಬಿಡುವುದು.
ಅದನ್ನು ಯಾರೂ ಹೇಳಿಕೊಡಬೇಕಾಗಲಿಲ್ಲ.
ನನ್ನ ಮೊಣಕಾಲು ಆಗಲೇ ನೆಲ ಹಿಡಿದಿತ್ತು.

ಪಂಪು ಓಡತೊಡಗಿದ ಮೇಲೆ
ನತೇಲಾ ಅಕ್ರೋಟನ್ನು ಬಾಗಿಲ ಸಂದಿಗಿಟ್ಟು ಒತ್ತಿದಳು.
ಚಟ್.
ನನ್ನ ಕೈ ತಾನಾಗಿ ಹಿಂದೆ ಸರಿಯಿತು.
ಆಗ ನಕ್ಕಳು,
ಅರ್ಧ ನನಗೆ ಕೊಟ್ಟಳು.