ಮಗುಚಿದ ಹೊಂಡ

ಬೂಟು ಕಳಚಬೇಡ, ಮರಿಸೋಲ್, ಹಾಗೇ ಬಾ.
ಈ ಮನೆಯ ನೆಲ ಸಗಣಿ ಕಂಡಿದೆ, ಕೆಸರು ಕಂಡಿದೆ,
ಬ್ಯಾಂಕಿನವರನ್ನೂ ಕಂಡಿದೆ.
ನೀನು ಬರುತ್ತಿರುವುದು ಇದು ಏಳನೇ ಸಲ.
ಮೊದಲ ಸಲ ಗೇಟು ತೆಗೆಯಲಿಲ್ಲ ನಾನು, ನೆನಪಿದೆಯೆ?
ಬೊಗಳುವ ನಾಯಿಗೂ ಸುಮ್ಮನಿರು ಎನ್ನಲಿಲ್ಲ.

ಮರ್ಸೆಡ್‌ನ ಈ ಬಯಲಲ್ಲಿ ಎಲ್ಲರೂ ಹೇಳುವ ಮಾತು:
ಅಪರೂಪದ್ದೇನಾದರೂ ಹೊಲದಲ್ಲಿ ಕಂಡರೆ
ಕಂಡಿಲ್ಲ ಅಂದುಬಿಡು.
ಸರ್ಕಾರದ ಕಣ್ಣಿಗೆ ಒಂದು ಸೀಗಡಿ ಬಿದ್ದರೆ ಸಾಕು,
ನಾಳೆ ನಿನ್ನ ಹುಲ್ಲು ಪರರ ಪಾಲು.
ಬೆಟ್ಟನ್‌ಕೂರ್ ಕೂಡ ಅದನ್ನೇ ಹೇಳಿದ.
ಅವನ ಬೇಲಿಯಾಚೆ ಈಗ ಬಾದಾಮಿ,
ಎಣ್ಣೆ ಹಚ್ಚಿ ಬಾಚಿದ ತಲೆಯ ಹಾಗೆ ಸಾಲು ಸಾಲು.
ಅಲ್ಲಿ ಹಿಂದೆ ಹದಿನಾಲ್ಕು ಹೊಂಡ ಇದ್ದವು.

ಎರಡನೇ ಸಲ ಬಂದು ಕಾಯಿದೆ ಹೇಳಿದೆ. ನನಗೆ ತೂಕಡಿಕೆ.
ಮೂರನೇ ಸಲ ದುಡ್ಡಿನ ಮಾತು. ಎಚ್ಚರವಾಯಿತು, ನಂಬಿಕೆ ಬರಲಿಲ್ಲ.
ನಾಲ್ಕನೇ ಸಲ, ಜನವರಿಯಲ್ಲಿ, ಏನೂ ಹೇಳದೆ
ನನ್ನಕ್ಕನ ಹತ್ತಿರ
ಆಲಿವ್ ಹಾಕಿಟ್ಟಿದ್ದ ಖಾಲಿ ಬಾಟಲಿ ಕೇಳಿದೆ.

ದೆಯೊಲಿಂದಾ ಅದನ್ನು ಕಿಟಕಿಯ ಬೆಳಕಿಗೆ ಹಿಡಿದಳು:
ಅಕ್ಕಿಕಾಳಿಗಿಂತ ತುಸು ಉದ್ದ, ಮೈಯೊಳಗೆ ಆಚೆ ಗೋಡೆ ಕಾಣುತ್ತದೆ,
ಮಗುಚಿಕೊಂಡು ಈಜುವ ಜೀವ,
ಬೆನ್ನು ಕೆಳಗೆ, ಹೊಟ್ಟೆ ಮೇಲೆ,
ಹನ್ನೊಂದು ಜೊತೆ ಕಾಲು ಆಕಾಶಕ್ಕೆ ಎತ್ತಿ.
"ಇಷ್ಟಕ್ಕೇನೇ ಇಷ್ಟು ಗಲಾಟೆ?" ಅಂದಳು.
ಆಮೇಲೆ ಅರ್ಧ ಗಂಟೆ ಬಾಟಲಿ ಕೆಳಗಿಡಲಿಲ್ಲ.
ಒಲೆಯ ಮೇಲಿನ ಬೀನ್ಸು ಸೀದುಹೋಯಿತು.

ಅದರ ಮೊಟ್ಟೆ ಧೂಳಲ್ಲಿ ಮಲಗುತ್ತದಂತೆ,
ಬೇಸಿಗೆ ಎಷ್ಟು ಸುಟ್ಟರೂ,
ಮಳೆ ಬಾರದ ವರ್ಷಗಳನ್ನು ಎಣಿಸದೆ.
ದನ ಮೇಯಬೇಕು ಇಲ್ಲಿ, ಅಂದೆ ನೀನು.
ಅವತ್ತೇ ನಿನ್ನನ್ನು ಊಟಕ್ಕೆ ಕೂರಿಸಿದ್ದು.
ಮೇಯದಿದ್ದರೆ ಹೊರಗಿನ ಹುಲ್ಲು ಆಳೆತ್ತರ ಬೆಳೆದು
ಹೊಂಡದ ಉಸಿರು ಕಟ್ಟುತ್ತದೆ,
ನಿಮ್ಮಜ್ಜ ತನಗೇ ಗೊತ್ತಿಲ್ಲದೆ ಕಾದ, ಅಂದೆ.
ಅಜೋರಿಸ್ ದ್ವೀಪದಿಂದ ಬಂದ ಅವನನ್ನು
ಈ ಊರು ಏನೇನೋ ಕರೆದಿದೆ.
ಕಾವಲುಗಾರ ಅಂದವಳು ನೀನೇ ಮೊದಲು.

ಕಾಗದ ಓದಿದೆ, ಮೂರು ಸಲ. ಅಕ್ಕ ಕನ್ನಡಕ ಹಾಕಿಕೊಂಡು ನಾಲ್ಕು ಸಲ.
ಜಮೀನು ನಮ್ಮದೇ. ದನ ನಮ್ಮದೇ.
ಮುರಿದ ಬೇಲಿಯ ರಿಪೇರಿಯೂ ನಮ್ಮದೇ, ಅದು ಗೊತ್ತಿತ್ತು ಬಿಡು.
ಉಳುವ ಹಕ್ಕು ಮಾತ್ರ ಇನ್ನು ನಮ್ಮದಲ್ಲ,
ನಮ್ಮ ನಂತರ ಕೊಳ್ಳುವವನದೂ ಅಲ್ಲ.

ಸಹಿ ಮಾಡುತ್ತೇನೆ. ಮೊದಲು ನಕ್ಷೆ ಬಿಚ್ಚು.
ನೀಲಿ ಚುಕ್ಕಿ ಇಪ್ಪತ್ತಮೂರು ಅಂತ ಬರೆದಿದ್ದೀಯ.
ಗಾಳಿಯಂತ್ರದ ಹಿಂದೆ, ಇಲ್ಲಿ, ನನ್ನ ಹೆಬ್ಬೆರಳ ಕೆಳಗೆ
ಇನ್ನೊಂದಿತ್ತು.

ಎಂಬತ್ತೇಳರಲ್ಲಿ ನನಗೆ ಇಪ್ಪತ್ತೊಂದು. ಹೊಸ ಟ್ರ್ಯಾಕ್ಟರ್.
ಅಪ್ಪ ಆಸ್ಪತ್ರೆಯಲ್ಲಿ. ಓಟ್ಸ್ ಬಿತ್ತೋಣವೆಂದು
ನೆಲದಡಿಯ ಗಾರೆಯಂಥ ಪದರ ಸೀಳುವಷ್ಟು ಆಳಕ್ಕೆ
ಗುಳ ಇಳಿಸಿ ಮಗುಚಿದೆ.
ಅಪ್ಪ ಬಂದು ನೋಡಿದ. ಬೈಯಲಿಲ್ಲ.
"ಮಾರ್ಚಿಯಲ್ಲಿ ನಿಮ್ಮಮ್ಮ ಅಲ್ಲಿಗೆ ಹೂ ನೋಡಲು ಹೋಗುತ್ತಿದ್ದಳು"
ಅಂದ, ಅಷ್ಟೇ.
ಹಳದಿಯ ಬಳೆ, ಅದರೊಳಗೆ ಬಿಳಿಯ ಬಳೆ,
ಕೊನೆಗೆ ನೀರು ಆರಿದ ಕಡೆ ನೀಲಿ.
ಓಟ್ಸೂ ಆ ವರ್ಷ ಕೈ ಹಿಡಿಯಲಿಲ್ಲ.
ಎಷ್ಟು ಮಳೆಯಾದರೂ ಈಗ ಅಲ್ಲಿ ನೀರು ನಿಲ್ಲುವುದಿಲ್ಲ,
ತಳ ಒಡೆದ ಗಡಿಗೆ.

ಅದನ್ನೂ ಬರೆ. ಚುಕ್ಕಿ ಬೇಡ, ಖಾಲಿ ಸುತ್ತು ಸಾಕು.
ನಿನ್ನ ಕಾಯಿದೆಗೆ ಅದು ಬೇಡವೆಂದು ಗೊತ್ತು, ಬರೆ.
ಬೆಟ್ಟನ್‌ಕೂರ್‌ನ ಮಗ ಮುಂದಿನ ವಾರ ಬರುತ್ತಾನಂತೆ,
ಉಳಿದ ನಲವತ್ತು ಎಕರೆಯ ಮಾತಾಡಲು.
ನೀನು ಬಾಯಿ ಬಿಡಬೇಡ.
ಅವನಿಗೆ ಮೊದಲು ಈ ಸುತ್ತು ತೋರಿಸುತ್ತೇನೆ.
ಬಾಟಲಿ ಆಮೇಲೆ.

ಬೇರೆ ಪೆನ್ನು ಇದೆಯೆ? ಇದು ಬರೆಯುತ್ತಿಲ್ಲ.