ಗುಂಡಿ ಡಬ್ಬಿ

ಜಗದೇವಿಯ ಜಂಪರಿಗೆ
ಎಡತೋಳು ಬಲಕ್ಕ ಹಚ್ಚಿಬಿಟ್ಟಿದ್ದೆ,
ಕಣ್ಣು ಮಶೀನಿನ ಮ್ಯಾಲಿರಲಿಲ್ಲ.
ಆಕಿ ಬೈಲಿಲ್ಲ. ಬಟ್ಟಿ ಮಡಚಿಟ್ಟು
ಸುಮ್ಮನ ಹೋದಳು.

ಮರುದಿನ ಮುಂಜಾನೆ ಫೋನು
ಗುಂಡಿ ಡಬ್ಬಿಯ ತಳಕ್ಕ.

ಕೈ ಕೇಳಬೇಕಲ್ಲ!
ಶಹಾಬಾದದ ಬಿಸಿಲಿಗೆ ಪರಸಿ ಕಾಯೋದ್ರೊಳಗ
ಹತ್ತು ಸಲ ಹೋಯ್ತು,
ಹೋದಾಗೊಮ್ಮೆ ಒಂದೊಂದು ಗುಂಡಿ ಹಿಡಕೊಂಡು ಬಂತು.
ಬಂದದ್ದು ಬಿಡೋದ್ಯಾಕ?
ಗಂಡನ ಅಂಗಿ, ಮಗನ ಸಾಲಿ ಅಂಗಿ
ಆರು ತಿಂಗಳಿಂದ ಗೂಟದ ಮ್ಯಾಲ
ಬಾಯಿ ತೆರಕೊಂಡು ನಿಂತಿದ್ದವು.

ಸಂಜಿಗೆ ಸೊಲ್ಲಾಪುರ ಗಾಡಿ ಕೂಗಿತು,
ಡಬ್ಬಿ ಬೋರಲ ಹಾಕಿದೆ.
ಮೂವತ್ತೆರಡು ಶುಭೋದಯ.
ಮ್ಯಾಲ ತಂಗೀದೊಂದು:
ಏನ್ ಮಾಡ್ಲತ್ತಿ ಅಕ್ಕಾ?

ಹೇಳಬೇಕಂದ್ರ
ಸೂಜಿ ಚುಚ್ಚಿ ಚುಚ್ಚಿ ಹಣ್ಣಾದ ಬೆರಳು
ಫೋನಿಗೆ ಗುರ್ತ ಹತ್ತಲಿಲ್ಲ.