ಎರಡನೆಯ ರೊಟ್ಟಿ

ಇವತ್ತು ನಾನೂರ ಹನ್ನೆರಡು ಚಾದರ.
ಎಣಿಸಿದ್ದು ನಾನಲ್ಲ, ಮೊಣಕೈ.
ಇಸ್ತ್ರಿಯ ಹಬೆ ಇನ್ನೂ ಕಣ್ಣೊಳಗಿದೆ.
ಹೊರಗೆ ಮನಾಮದ ಆಗಸ್ಟು,
ಬೆಳಗಿನ ಜಾವ ನಾಲ್ಕಕ್ಕೇ
ಒದ್ದೆ ಕಂಬಳಿ ಹೊದೆಸುವ ಸೆಕೆ.

ಪ್ರಾರ್ಥಿಸದೆ ಮೂರು ವಾರವಾಯಿತು.
ಮುನಿಸೇನಿಲ್ಲ ಸ್ವಾಮಿ,
ಮಂಡಿ ಮಡಚಿದರೆ ಏಳುವುದು ಕಷ್ಟ, ಅಷ್ಟೆ.

ಬೇಕರಿಯ ಮೆಟ್ಟಿಲ ಮೇಲೆ ಕೂತೆ.
ಎದುರಿಗೊಂದು ಜಾಲಿ, ಯಾರೂ ನೆಟ್ಟದ್ದಲ್ಲ,
ಎ.ಸಿ. ತೊಟ್ಟಿಕ್ಕುವ ನೀರಿಗೆ ಬದುಕಿಕೊಂಡದ್ದು.
ಬಲ್ಮಠದ ಸಂಡೇ ಸ್ಕೂಲಿನಲ್ಲಿ
ಸೋನ್ಸ್ ಟೀಚರ್ ಹೇಳಿದ್ದರು,
ಜಾಲಿಯಡಿ ಬಿದ್ದುಕೊಂಡು
‘ಸಾಕು, ಜೀವ ತಗೋ’ ಅಂದವನೊಬ್ಬನ ಕತೆ.
ದೂತ ಬಂದ. ಬೈಯಲಿಲ್ಲ.
ವಿಶ್ವಾಸ ಎಲ್ಲಿ ಹೋಯಿತೆಂದು ಕೇಳಲಿಲ್ಲ.
ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು.
ತಿಂದ. ಮತ್ತೆ ಮಲಗಿದ.
ಮಲಗಲು ಬಿಟ್ಟ!
ನಾವು ಮಕ್ಕಳೆಲ್ಲ ನಕ್ಕಿದ್ದೆವು.
ಆಮೇಲೆ ತಟ್ಟಿ ಎಬ್ಬಿಸಿ, ಇನ್ನೊಂದು ಸಲ ಊಟ.

ತಂದೂರಿನ ಬಾಯಿಂದ ಗುಲ್‌ಶೇರ್
ಕೊಕ್ಕೆಯಲ್ಲಿ ಎಳೆದು ಹಾಕಿದ ಖುಬೂಸ್
ಹಳೆಯ ಪೇಪರಿನ ಮೇಲೆ ಉಸಿರಾಡುತ್ತಿತ್ತು.
ಐವತ್ತು ಫಿಲ್ಸ್ ಕೊಟ್ಟೆ.
ಮುಖ ನೋಡಿದ. ಇನ್ನೊಂದನ್ನಿಟ್ಟ.
‘ಖಾವೋ ಭಾಯಿ, ದೂರ್ ಜಾನಾ ಹೈ ನಾ?’

ದೂರವೇನಿಲ್ಲ, ಕ್ಯಾಂಪಿಗೆ ಎರಡೇ ಗಲ್ಲಿ.
ಆದರೂ ಹೂಂ ಅಂದೆ.
ಮುರಿದೆ. ಬೆರಳು ಸುಟ್ಟಿತು.
ತಿನ್ನುವ ಮೊದಲು ಕಣ್ಣು ಮುಚ್ಚಿಕೊಂಡದ್ದು
ತೆರೆದ ಮೇಲೇ ಗೊತ್ತಾಯಿತು.

ಶುಕ್ರವಾರ. ಹತ್ತಕ್ಕೆ ಕನ್ನಡ ಆರಾಧನೆ.
ಬರುತ್ತೇನೆ.
ಅದಕ್ಕೆ ಮೊದಲು, ಅಪ್ಪಣೆಯಾದರೆ,
ಸ್ವಲ್ಪ ನಿದ್ದೆ.